ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಬಹುದಾ?

ಪ್ರಶ್ನೆ: ಸರ್, ಕಾಪುವಿನಲ್ಲಿ ನಮ್ಮದೊಂದು ಚಿಕ್ಕ ಅಂಗಡಿ ಉಂಟು. ಲ್ಯಾಪ್‌ಟಾಪ್ 2017ರಲ್ಲಿ ತೆಗೊಂಡದ್ದು, ಐ5 ಏಳನೇ ಜನರೇಷನ್, 8 ಜಿಬಿ ರ‍್ಯಾಮ್. ಟ್ಯಾಲಿ ಲೆಕ್ಕ, ಬ್ಯಾಂಕ್ ಕೆಲಸ, ಮಗಳ ಕಾಲೇಜು ಪ್ರಾಜೆಕ್ಟ್ ಎಲ್ಲ ಅದರಲ್ಲೇ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲ ಅಂತಾರೆ. ವಿಂಡೋಸ್ 11 ಹಾಕಲು ಹೋದರೆ ಈ ಪಿಸಿಗೆ ಆಗುವುದಿಲ್ಲ ಅಂತ ಬರ್ತದೆ. ಉಡುಪಿಯ ಒಂದು ಅಂಗಡಿಯವರು ‘ನಾವು ಹಾಕಿ ಕೊಡ್ತೇವೆ’ ಅಂದರು. ಹಾಕಿಸಬಹುದಾ? ಆಮೇಲೆ ತೊಂದರೆ ಉಂಟಾ?

ಹಾಕಿಸಬಹುದು. ಅಂಗಡಿಯವರು ಸುಳ್ಳು ಹೇಳಿಲ್ಲ. ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲಿಗೆ ಬರುವ, ಅದಕ್ಕಿಂತ ವೇಗದ ಡಿಸ್ಕ್) ಇರುವ ಮೆಷಿನ್ ಆದರೆ ಅದೇನೂ ದೊಡ್ಡ ಕೆಲಸವಲ್ಲ. ಆದರೆ ಅವರನ್ನು ಇನ್ನೊಂದು ಮಾತು ಕೇಳಿ ನೋಡಿ: ಬರುವ ವರ್ಷದ ಹೊಸ ವರ್ಷನ್ ಬಂದಾಗ ಅದನ್ನು ಯಾರು ಹಾಕಿ ಕೊಡ್ತಾರೆ? ಅಲ್ಲಿ ಸಿಗುವ ಉತ್ತರದ ಮೇಲೆ ಎಲ್ಲ ನಿಂತಿದೆ. ಅದಕ್ಕೆ ಆಮೇಲೆ ಬರೋಣ.

ಮೊದಲು, ಈ ಪ್ರಶ್ನೆ ಕೇಳುವ ಉಳಿದವರಿಗೂ ಸೇರಿಸಿ ಒಂದು ವಿಷಯ. ‘ಆಗುವುದಿಲ್ಲ’ ಅಂತ ಬಂದ ಕೂಡಲೇ ನಂಬಿಬಿಡಬೇಡಿ. ವಿಂಡೋಸ್ 11 ಮುಖ್ಯವಾಗಿ ಮೂರು ಕಡೆ ಅಡ್ಡ ಹಾಕುತ್ತದೆ: ಪ್ರೊಸೆಸರ್, ಟಿಪಿಎಂ, ಸೆಕ್ಯೂರ್ ಬೂಟ್ (ಮೆಷಿನ್ ಶುರುವಾಗುವಾಗ ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಬಿಡುವ ವ್ಯವಸ್ಥೆ). ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಮೇಲೆ, ಎಎಂಡಿ ಆದರೆ ಹೆಚ್ಚುಕಮ್ಮಿ ರೈಜೆನ್ 2000 ಸರಣಿಯಿಂದ ಮೇಲೆ ಬೇಕು. ಕೆಲವು ಬಿಡಿ ಮಾಡೆಲ್‌ಗಳಿಗೆ ಮಾತ್ರ ವಿನಾಯಿತಿ ಉಂಟು. ಟಿಪಿಎಂ ಅಂದರೆ ಬೀಗದ ಕೀಗಳನ್ನು ಹಾರ್ಡ್‌ವೇರ್‌ನಲ್ಲೇ ಜೋಪಾನವಾಗಿ ಇಟ್ಟುಕೊಳ್ಳುವ ಚಿಪ್. ಅದರ 2.0 ವರ್ಷನ್ ಬೇಕು. ಈಗಿನ ಹೆಚ್ಚಿನ ಮೆಷಿನ್‌ಗಳಲ್ಲಿ ಅದಕ್ಕೆ ಬೇರೆ ಚಿಪ್ ಇರುವುದಿಲ್ಲ, ಪ್ರೊಸೆಸರ್ ಜೊತೆಗೇ ಬಂದಿರುತ್ತದೆ. ಆದರೆ ಎಷ್ಟೋ ಮೆಷಿನ್‌ಗಳಲ್ಲಿ, ಅದರಲ್ಲೂ ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್‌ಗಳಲ್ಲಿ, ಅದು ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ, ಮೆಷಿನ್‌ನ ಮೂಲ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿರುತ್ತದೆ. ಮಂಗಳೂರು ಕಂಕನಾಡಿಯ ಪರಿಚಯದವರೊಬ್ಬರು ಇದೇ ಕಾರಣಕ್ಕೆ ಹೊಸ ಕಂಪ್ಯೂಟರ್ ನೋಡಲು ಹೊರಟಿದ್ದರು. ಅವರದ್ದು 8ನೇ ಜನರೇಷನ್! ಒಂದು ಸ್ವಿಚ್ ಆನ್ ಮಾಡಿದ್ದಕ್ಕೆ ಎಲ್ಲ ಸರಿಯಾಯಿತು.

ನೋಡುವುದು ಹೀಗೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಸ್ಪೆಸಿಫಿಕೇಷನ್ ವರ್ಷನ್ 2.0 ಎಂದು ಕಂಡರೆ ಟಿಪಿಎಂ ಇದೆ, ಆನ್ ಆಗಿಯೂ ಇದೆ. ಟಿಪಿಎಂ ಸಿಗಲಿಲ್ಲ ಎಂದು ಬಂದರೆ ಬಯಾಸ್‌ಗೆ ಹೋಗಿ ಹುಡುಕಬೇಕು. ಇಂಟೆಲ್ ಬೋರ್ಡಿನಲ್ಲಿ ಅದಕ್ಕೆ ಪಿಟಿಟಿ ಎಂದು ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಸೆಕ್ಯುರಿಟಿ ಅಥವಾ ಅಡ್ವಾನ್ಸ್‌ಡ್ ಪುಟದಲ್ಲಿ ಎಲ್ಲೋ ಅಡಗಿರುತ್ತದೆ. ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಇದನ್ನೆಲ್ಲ ಮುಟ್ಟುವ ಮೊದಲು ಅದರ ರಿಕವರಿ ಕೀ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಏನಾದರೂ ಬದಲಾದರೆ ಆ ಕೀಯ 48 ಅಂಕಿ ಕೇಳಬಹುದು. ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.

ಈಗ ನಿಮ್ಮ ಮೆಷಿನ್‌ಗೆ ಬರೋಣ. 2017ರ ಲ್ಯಾಪ್‌ಟಾಪ್ ಆದ್ದರಿಂದ ಟಿಪಿಎಂ ಇರುವ ಸಾಧ್ಯತೆ ಜಾಸ್ತಿ. ಸಿಕ್ಕಿಬಿದ್ದಿರುವುದು ಪ್ರೊಸೆಸರ್ ಪಟ್ಟಿಯಲ್ಲಿ. ಇದರಲ್ಲೊಂದು ತಮಾಷೆ ಉಂಟು. ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಚೆನ್ನಾಗಿ ಓಡಲು ಒಂದು ಹಾರ್ಡ್‌ವೇರ್ ಸೌಲಭ್ಯ ಬೇಕು. ಅದು ಇಂಟೆಲ್‌ನಲ್ಲಿ 7ನೇ ಜನರೇಷನ್‌ನಿಂದಲೇ ಇದೆ. ಆದರೂ 7ನೇ ಜನರೇಷನ್ ಹೊರಗೆ! ಮೈಕ್ರೋಸಾಫ್ಟ್ 2021ರಲ್ಲಿ ಕೊಟ್ಟ ಇನ್ನೊಂದು ಕಾರಣ ಎಂತ ಅಂದರೆ, ಪರೀಕ್ಷೆಯ ಕಾಲದಲ್ಲಿ ಅರ್ಹತೆ ಇಲ್ಲದ ಮೆಷಿನ್‌ಗಳಲ್ಲಿ ಕರ್ನೆಲ್ (ವಿಂಡೋಸಿನ ಒಳತಿರುಳು) ಕ್ರ್ಯಾಶ್ ಶೇಕಡಾ 52ರಷ್ಟು ಜಾಸ್ತಿ ಆಯಿತಂತೆ. ಕೇಳಲು ಭಯ ಆಗುತ್ತದೆ. ಆದರೆ ಅರ್ಹ ಮೆಷಿನ್‌ಗಳಲ್ಲಿ ಶೇಕಡಾ 99.8ರಷ್ಟು ಕ್ರ್ಯಾಶ್ ಇಲ್ಲ ಎಂದೂ ಅವರೇ ಹೇಳಿದ್ದಾರೆ. ಅಷ್ಟು ಚಿಕ್ಕ ಸಂಖ್ಯೆಯ ಮೇಲೆ 52 ಶೇಕಡಾ ಸೇರಿದರೂ ದಿನಾ ನೀಲಿ ಪರದೆ ನೋಡುವ ಪರಿಸ್ಥಿತಿ ಅಲ್ಲ ಅದು.

ಹಾಗಾದರೆ ಅಂಗಡಿಯವರು ಮಾಡುವುದೇನು? ಹೆಚ್ಚಿನವರು ರೂಫಸ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್ ತಯಾರಿಸುತ್ತಾರೆ. ಟಿಪಿಎಂ, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್ ಬೇಕೆಂಬ ತಪಾಸಣೆ ತೆಗೆಯಲು ಅದರಲ್ಲೇ ಒಂದು ಟಿಕ್ ಇದೆ. ಅದು ಮೈಕ್ರೋಸಾಫ್ಟಿನ ಅಸಲಿ ವಿಂಡೋಸ್ ಫೈಲನ್ನೇ ಬಳಸುತ್ತದೆ, ಬಾಗಿಲಲ್ಲಿ ಚೆಕ್ ಮಾಡುವವನನ್ನು ಮಾತ್ರ ಆಚೆ ಕಳಿಸುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲಿಂದಲೋ ಇಳಿಸಿದ, ಯಾರೋ ಕತ್ತರಿಸಿ ಜೋಡಿಸಿದ ‘ಲೈಟ್’ ವಿಂಡೋಸ್ ಹಾಕುವವರೂ ಇದ್ದಾರೆ. ಜೊತೆಗೆ ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸಲು ಕ್ರ್ಯಾಕ್ ಮಾಡಿದ ಆಕ್ಟಿವೇಟರ್ ಬೇರೆ. ಬ್ಯಾಂಕ್ ಪಾಸ್‌ವರ್ಡ್ ಹಾಕುವ ಮೆಷಿನ್‌ಗೆ ಅದು ಬೇಡವೇ ಬೇಡ. ನಿಮ್ಮ ವಿಂಡೋಸ್ 10 ಅಸಲಿ ಆಗಿದ್ದರೆ ಅದೇ ಲೈಸೆನ್ಸಿನಲ್ಲಿ 11 ತಾನಾಗಿ ಆಕ್ಟಿವೇಟ್ ಆಗುತ್ತದೆ. ಹೋಮ್ ಎಡಿಷನ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಹಾಕಬೇಕು, ಅಷ್ಟೆ. ಲೈಸೆನ್ಸ್ ಕೀಗೆ ಅಂತ ಬೇರೆ ಹಣ ಕೇಳಿದರೆ ಯಾಕೆ ಅಂತ ಕೇಳಿ.

ಇನ್ನು ಆ ಮೊದಲಿನ ಮಾತು. ಹೀಗೆ ಹಾಕಿದ ಮೆಷಿನ್‌ಗೆ ಅಪ್‌ಡೇಟ್ ಕೊಡುವ ಹೊಣೆ ತಮಗಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಆದರೂ ಇದುವರೆಗೆ ತಿಂಗಳ ಸೆಕ್ಯುರಿಟಿ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತಿವೆ. ಬಾರದಿರುವುದು ವರ್ಷಕ್ಕೊಮ್ಮೆಯ ದೊಡ್ಡ ವರ್ಷನ್. ಹೋಮ್, ಪ್ರೊ ಎರಡಕ್ಕೂ ಒಂದೊಂದು ವರ್ಷನ್‌ನ ಆಯುಷ್ಯ 24 ತಿಂಗಳು. 2023ರಲ್ಲಿ ಬಂದ 23ಎಚ್2 ಎಂಬ ವರ್ಷನ್‌ನ ಆಯುಷ್ಯ 2025ರ ನವೆಂಬರ್ 11ಕ್ಕೆ ಮುಗಿಯಿತು. ಅದು ಬಂದ ಕಾಲದಲ್ಲಿ ಹಳೆ ಲ್ಯಾಪ್‌ಟಾಪಿಗೆ ಹಾಕಿಸಿ ಮರೆತವರು ‘ನನ್ನದು ವಿಂಡೋಸ್ 11, ಚಿಂತೆಯಿಲ್ಲ’ ಅಂತ ಕೂತಿದ್ದಾರೆ. ಅವರಿಗೂ ಅಪ್‌ಡೇಟ್ ಸಿಗದೆ ವಿಂಡೋಸ್ 10ರಲ್ಲೇ ಉಳಿದವರಿಗೂ ಈಗ ವ್ಯತ್ಯಾಸವೇ ಇಲ್ಲ. ಹೊಸ ವರ್ಷನ್ ಬಂದಾಗ ಮತ್ತೆ ಪೆನ್‌ಡ್ರೈವ್ ಮಾಡಿ, ಮತ್ತೆ ತಪಾಸಣೆ ತಪ್ಪಿಸಿ, ಕೈಯಾರೆ ಏರಿಸಬೇಕು. ಫೈಲ್‌ಗಳು ಹಾಗೇ ಉಳಿಯುತ್ತವೆ, ಆದರೂ ಯಾರಾದರೂ ಕೂತು ಮಾಡಬೇಕಲ್ಲ!

ಮುಂದೆ ಹೊಸ ವರ್ಷನ್ ಪೂರ್ತಿ ಬಾಗಿಲು ಹಾಕಲೂಬಹುದು. 2024ರಲ್ಲಿ ಬಂದ 24ಎಚ್2 ಕೋರ್ 2 ಡ್ಯುಯೋ ಕಾಲದ ಮೆಷಿನ್‌ಗಳಲ್ಲಿ ಬೂಟ್ ಆಗುವುದೇ ಇಲ್ಲ. ಅದಕ್ಕೆ ಬೇಕಾದ ಒಂದು ಆದೇಶ ಆ ಪ್ರೊಸೆಸರಿಗೆ ಗೊತ್ತೇ ಇಲ್ಲ. ಅದಕ್ಕೆ ಯಾವ ಟಿಕ್ ಹಾಕಿಯೂ ಪ್ರಯೋಜನವಿಲ್ಲ. ನಿಮ್ಮ 7ನೇ ಜನರೇಷನ್‌ಗೆ ಆ ಸಮಸ್ಯೆ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಲೆಕ್ಕ, ಬ್ಯಾಂಕು ಎರಡೂ ಅದೇ ಮೆಷಿನ್‌ನಲ್ಲಿ ಇರುವುದರಿಂದ ಅವಸರ ಮಾಡುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ಇಎಸ್‌ಯು ಎಂಬ ಯೋಜನೆಯಲ್ಲಿ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಹಣ ಕೊಡುವ ಅಗತ್ಯವಿಲ್ಲ. ಮೆಷಿನ್‌ನಲ್ಲಿ ವಿಂಡೋಸ್ 10ರ 22ಎಚ್2 ವರ್ಷನ್ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಬಟನ್ ಕಾಣುತ್ತದೆ. ಮೊದಲು ಅದನ್ನು ನೋಡಿ. ಸಿಕ್ಕಿದ ಸಮಯದಲ್ಲಿ ಒಂದು ಹೊಸ ಮೆಷಿನ್‌ಗೆ ಸ್ವಲ್ಪ ಸ್ವಲ್ಪ ಹಣ ಎತ್ತಿಡಿ, ಲೆಕ್ಕ ಮತ್ತು ಬ್ಯಾಂಕನ್ನು ಅದಕ್ಕೆ ಸಾಗಿಸಿ. ಈ ಲ್ಯಾಪ್‌ಟಾಪನ್ನು ಮಗಳಿಗೆ ಬಿಟ್ಟುಕೊಟ್ಟು ಆಗ ಧೈರ್ಯವಾಗಿ 11 ಹಾಕಿಸಿ. ಅವಳೇ ಕಲಿತು ವರ್ಷ ವರ್ಷ ಏರಿಸಿಕೊಳ್ಳುತ್ತಾಳೆ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದರೂ ಅವಳ ಪ್ರಾಜೆಕ್ಟ್ ಕೆಲಸ ಸುಸೂತ್ರ ನಡೆಯುತ್ತದೆ, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲಿದೆ. ಟ್ಯಾಲಿ ಮಾತ್ರ ವಿಂಡೋಸ್‌ಗೆ ಮಾಡಿದ್ದು.

ಇಲ್ಲ, ಈಗಲೇ ಹಾಕಿಸಲೇಬೇಕು ಅಂದರೆ ಬೆಳಿಗ್ಗೆ ಶುರುಮಾಡಿಸಿ. ಎಪ್ರಿಲ್–ಮೇ ಮತ್ತು ಅಕ್ಟೋಬರಿನಲ್ಲಿ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಶುರುವಾದರೆ ಕರೆಂಟ್ ಇರುವುದಿಲ್ಲ, ಅಷ್ಟು ಹಳೆ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ನಂಬುವ ಹಾಗೂ ಇಲ್ಲ. ಇನ್ನೂ ಹಾರ್ಡ್‌ಡಿಸ್ಕೇ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, 11 ಬರಲಿ ಬಿಡಲಿ ಮೆಷಿನ್ ಎದ್ದು ಕೂರುತ್ತದೆ. ಈಗಿರುವ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿಸಿದರೆ ಇಷ್ಟವಾಗದಿದ್ದಲ್ಲಿ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು. ಫಾರ್ಮ್ಯಾಟ್ ಮಾಡಿಸಿದರೆ ಆ ದಾರಿ ಇಲ್ಲ. ಫಾರ್ಮ್ಯಾಟ್ ಮಾಡಿಸುವುದೇ ಆದರೆ ಅಂಗಡಿಗೆ ಕೊಡುವ ಮೊದಲು ಟ್ಯಾಲಿ ಡೇಟಾ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿ, ಟ್ಯಾಲಿ ಒಳಗೆ ಹೋಗಿ ಲೈಸೆನ್ಸ್ ಸರೆಂಡರ್ ಮಾಡಿ (ಈ ಮೆಷಿನ್‌ನಿಂದ ಬಿಡಿಸಿಕೊಳ್ಳಿ). ನುಡಿ ಸಾಫ್ಟ್‌ವೇರ್‌ನ ಹಳೆ ಫಾಂಟಿನಲ್ಲಿ ಮಾಡಿದ ಆಮಂತ್ರಣ ಪತ್ರಿಕೆ, ಬಿಲ್‌ಗಳಿದ್ದರೆ ಆ ಫಾಂಟ್‌ಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಫೈಲ್ ತೆರೆದಾಗ ಕನ್ನಡದ ಬದಲು ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.