ಮರಿಕೋತಿಯನ್ನು ಎತ್ತಿಕೊಳ್ಳಲು ಬಿಡ್ತಾರಾ?

ಪ್ರಶ್ನೆ: ಪಂಜರಗಳಿಂದ, ಮನೆಗಳಿಂದ ಬಿಡಿಸಿ ತಂದ ಕೋತಿಗಳನ್ನು ನೋಡಿಕೊಳ್ಳುವ ಸ್ಯಾಂಕ್ಚುರಿಗೆ ವಾಲಂಟಿಯರ್ ಆಗಿ ಹೋಗಬೇಕು ಅಂದುಕೊಂಡಿದ್ದೇನೆ. ಅಲ್ಲಿ ಮರಿಗಳನ್ನು ಎತ್ತಿಕೊಂಡು ಆಡಿಸಲು ಬಿಡ್ತಾರಾ? ತಾಯಿ ಇಲ್ಲದ ಮರಿಗಳಿಗೆ ನಮ್ಮ ಪ್ರೀತಿ ಬೇಕಲ್ವಾ?

ಉತ್ತರ: ಬಿಡುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದು. ಆದರೆ 'ಬಿಡುವುದಿಲ್ಲ' ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ಹಿಂದೆಯೇ ಒಂದು "ಆದರೂ..." ಬರುತ್ತದೆ. ಈ "ಆದರೂ"ಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ, ಲೆಕ್ಕ ತಪ್ಪಿದೆ. ಈ ಸಲ ಬರೆದೇ ಇಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿದರಾಯಿತು.

ಮೊದಲು ಕೆಲಸದ ವಿಷಯ, ಬೇಗ ಹೇಳಿಬಿಡುತ್ತೇನೆ. ವಾಲಂಟಿಯರ್ ಕೈಗೆ ಮೊದಲು ಬರುವುದು ಪೊರಕೆ. ಬೆಳಿಗ್ಗೆ ಬಕೆಟ್‌ಗಟ್ಟಲೆ ತರಕಾರಿ ಹೆಚ್ಚಬೇಕು. ಕೋತಿಗಳನ್ನು ಪಕ್ಕದ ಆವರಣಕ್ಕೆ ಸಾಗಿಸಿ, ಬಾಗಿಲ ಚಿಲಕ ಎರಡೆರಡು ಸಲ ನೋಡಿ, ಆಮೇಲೆ ಒಳಗೆ ಹೋಗಿ ಗಲೀಜು ಬಾಚಬೇಕು, ನೆಲ ಉಜ್ಜಬೇಕು, ಹಳೆ ಹುಲ್ಲು ತೆಗೆದು ಹೊಸದು ಹಾಸಬೇಕು. ಊಟವನ್ನು ಬಟ್ಟಲಲ್ಲಿ ಇಟ್ಟು ಬರುವ ಹಾಗಿಲ್ಲ. ಹುಲ್ಲಿನ ನಡುವೆ ಚೆಲ್ಲಬೇಕು, ತೂತು ಕೊರೆದ ಪೈಪಿನೊಳಗೆ ತುರುಕಬೇಕು, ಮಂಜುಗಡ್ಡೆಯಲ್ಲಿ ಹುದುಗಿಸಬೇಕು. ಕಾಡಿನಲ್ಲಿ ಕೋತಿಯ ಹಗಲಿನ ದೊಡ್ಡ ಪಾಲು ಹುಡುಕುವುದರಲ್ಲಿ, ತಿನ್ನುವುದರಲ್ಲಿ ಕಳೆಯುತ್ತದೆ. ಇಲ್ಲಿ ಐದು ನಿಮಿಷಕ್ಕೆ ಊಟ ಮುಗಿದುಹೋದರೆ ಉಳಿದ ಹೊತ್ತು ಅದು ಏನು ಮಾಡಬೇಕು? ಕೂತಲ್ಲೇ ತೂಗಾಡುತ್ತದೆ. ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುತ್ತದೆ. ಹೀಗಾಗಿ ಊಟ ಬಚ್ಚಿಡುವುದೂ ಕೆಲಸವೇ. ಅದರ ಜೊತೆಗೆ ಯಾರು ತಿಂದರು, ಯಾರು ಬಿಟ್ಟರು, ಯಾರು ಮೂಲೆ ಸೇರಿದರು ಅಂತ ಬರೆದಿಡಬೇಕು. ಅಷ್ಟೇ.

ಈಗ ಆ "ಆದರೂ"ಗೆ ಬರೋಣ. "ಆದರೂ, ಮರಿ ತಾನೇ ಬಂದು ಅಪ್ಪಿಕೊಂಡರೆ? ಅದಕ್ಕೆ ಬೇಕು ಅಂತಲೇ ತಾನೇ?"

ಮರ್ಕಟ ಕಿಶೋರ ನ್ಯಾಯ ಅನ್ನುವ ಮಾತು ಕೇಳಿರುತ್ತೀರಿ. ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಕೋತಿಮರಿ ಹಾಗಲ್ಲ, ತಾನೇ ತಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಭಕ್ತಿಯ ಪಾಠಕ್ಕೆ ಬಳಸುವ ಮಾತು ಇದು. ಆದರೆ ಮೊದಲು ಹೇಳಿದವರು ಯಾರೋ, ಕೋತಿಯನ್ನು ಸರಿಯಾಗಿ ನೋಡಿದ್ದರು. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಕೈಬಿಟ್ಟ ಮರಿಯ ಕತೆ ಮುಗಿದ ಹಾಗೆಯೇ. ಅದಕ್ಕೇ ಹುಟ್ಟಿದ ದಿನದಿಂದಲೇ ಅದರ ಬೆರಳುಗಳು ಸಿಕ್ಕಿದ್ದನ್ನು ಹಿಡಿಯುತ್ತವೆ. ತಾಯಿ ಇದ್ದರೆ ತಾಯಿಯ ಕೂದಲು. ಇಲ್ಲದಿದ್ದರೆ ಟವೆಲ್, ಬಟ್ಟೆಯ ಗೊಂಬೆ, ನಿಮ್ಮ ಅಂಗಿಯ ತೋಳು. ಟವೆಲ್ ಅಪ್ಪಿಕೊಂಡ ಮರಿಯನ್ನು ನೋಡಿ "ಪಾಪ, ಟವೆಲ್ ಅಂದ್ರೆ ಎಷ್ಟು ಪ್ರೀತಿ" ಅಂತ ಯಾರೂ ಹೇಳುವುದಿಲ್ಲ. ನಮ್ಮ ತೋಳಿಗೆ ಮಾತ್ರ ಬೇರೆ ಅರ್ಥ ಕೊಡುತ್ತೇವೆ.

ಸ್ವಲ್ಪ ಓದಿಕೊಂಡವರು ಇಲ್ಲಿ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಹೆಸರು ತೆಗೆಯುತ್ತಾರೆ. ತೆಗೆಯಲಿ, ನನಗೂ ಅದೇ ಬೇಕು. 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಲೋ ರೀಸಸ್ ಕೋತಿಯ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ಎರಡು ಗೊಂಬೆ ತಾಯಂದಿರ ಜೊತೆ ಇಟ್ಟರು. ಒಂದು ತಂತಿಯದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ. ಹಾಲು ತಂತಿ ತಾಯಿಯ ಬಳಿ ಇದ್ದರೂ ಮರಿಗಳು ಹಾಲು ಕುಡಿದು ಬಟ್ಟೆ ತಾಯಿಯ ಬಳಿಗೆ ಓಡುತ್ತಿದ್ದವು. "ನೋಡಿ, ಅಪ್ಪುಗೆ ಹಾಲಿಗಿಂತ ದೊಡ್ಡದು!" ಎಲ್ಲರೂ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಮುಂದಿನ ಪುಟ ಓದಿ. ಬಟ್ಟೆ ತಾಯಿಯನ್ನು ಅಪ್ಪಿಕೊಂಡೇ ಬೆಳೆದ ಆ ಮರಿಗಳು ದೊಡ್ಡವಾದ ಮೇಲೆ ಸರಿಯಾದ ಕೋತಿಗಳಾಗಲಿಲ್ಲ. ಉಳಿದ ಕೋತಿಗಳ ಜೊತೆ ಹೇಗಿರಬೇಕೆಂದು ಗೊತ್ತಾಗಲಿಲ್ಲ. ಅವುಗಳಲ್ಲಿ ತಾಯಿಯಾದ ಹೆಣ್ಣುಗಳು ಎಷ್ಟೋ ಸಲ ತಮ್ಮ ಮರಿಗಳನ್ನು ಹತ್ತಿರ ಸೇರಿಸಲಿಲ್ಲ, ಹೊಡೆದವು. ಮೆತ್ತನೆಯ ಅಪ್ಪುಗೆ ಸಿಕ್ಕಿತ್ತು. ಸಾಲಲಿಲ್ಲ.

ಇನ್ನೂ ಮುಂದೆ ಹೋಗಿ. ಹುಟ್ಟಿದ ಮೇಲೆ ಆರು ತಿಂಗಳು ಒಂಟಿಯಾಗಿ ಬೆಳೆಸಿದ ಕೋತಿಗಳನ್ನು ಸರಿಮಾಡಲು ಹಾರ್ಲೋ ಮತ್ತು ಅವರ ಶಿಷ್ಯ ಸ್ಟೀಫನ್ ಸುವೋಮಿ ಒಂದು ಉಪಾಯ ಮಾಡಿದರು. ಅದು 1972ರಲ್ಲಿ ಪ್ರಕಟವಾಯಿತು. ಸಮವಯಸ್ಸಿನ ಕೋತಿಗಳ ಜೊತೆ ಬಿಟ್ಟರೆ ಇವು ಹೆದರಿ ಮುದುಡುತ್ತಿದ್ದವು. ಅದಕ್ಕೆ ಮೂರೇ ತಿಂಗಳ, ಸರಿಯಾಗಿ ಬೆಳೆದ ಹೆಣ್ಣುಮರಿಗಳನ್ನು ಜೊತೆಗೆ ಬಿಟ್ಟರು. ಅಷ್ಟು ಚಿಕ್ಕ ಮರಿಗೆ ಜಗಳ ಗೊತ್ತಿಲ್ಲ, ಅಂಟಿಕೊಳ್ಳುವುದು ಗೊತ್ತು. ಮೂಲೆಯಲ್ಲಿ ತೂಗಾಡುತ್ತಿದ್ದ ಕೋತಿಯ ಹತ್ತಿರ ಹೋಗಿ ಅಂಟಿಕೊಂಡವು. ಕೆಲವು ವಾರಗಳಲ್ಲಿ ಅದೂ ತಿರುಗಿ ಹಿಡಿದುಕೊಂಡಿತು. ಆಮೇಲೆ ಆಟ ಶುರುವಾಯಿತು. ಆರು ತಿಂಗಳಾಗುವಷ್ಟರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಅಂಥ ಕ್ರೂರ ಪ್ರಯೋಗ ಮತ್ತೆ ಯಾರೂ ಮಾಡಬಾರದು. ಆದರೆ ಆ ಮರಿಗಳು ಅಷ್ಟು ಬೆಲೆ ತೆತ್ತು ಕಲಿಸಿದ್ದನ್ನು ಅರ್ಧಕ್ಕೇ ಓದಿ "ಅಪ್ಪುಗೆ ಬೇಕು" ಅನ್ನುವುದು ನ್ಯಾಯವಲ್ಲ. ಅಲ್ಲಿ ಕೋತಿಯನ್ನು ಗುಣಮಾಡಿದ್ದು ಇನ್ನೊಂದು ಕೋತಿ.

ಸ್ಯಾಂಕ್ಚುರಿಗಳು ಮಾಡುವುದೂ ಇದನ್ನೇ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ 1987ರಿಂದ ನಡೆಯುತ್ತಿರುವ ಮಂಕಿ ವರ್ಲ್ಡ್‌ಗೆ 2008ರಲ್ಲಿ ಚಿಲಿಯ ಪ್ರಯೋಗಾಲಯವೊಂದರಿಂದ 88 ಕಪುಚಿನ್ ಕೋತಿಗಳು (ದಕ್ಷಿಣ ಅಮೆರಿಕದ ಕಡೆಯ ಚಿಕ್ಕ ಕೋತಿಗಳು) ಒಟ್ಟಿಗೆ ಬಂದವು. ಅವುಗಳಲ್ಲಿ ಎಷ್ಟೋ ಕೋತಿಗಳು ವರ್ಷಾನುಗಟ್ಟಲೆ ಒಂಟಿ ಪಂಜರದಲ್ಲಿದ್ದವು. ಒಂದೊಂದನ್ನೂ ಮಡಿಲಲ್ಲಿ ಕೂರಿಸಿಕೊಂಡು ಸಮಾಧಾನ ಮಾಡಲಿಲ್ಲ. ಗುಂಪು ಮಾಡಿ ಕೊಟ್ಟರು.

ಹಾಗಾದರೆ ತೀರಾ ಎಳೆಯ ಅನಾಥ ಮರಿ? ಒಪ್ಪುತ್ತೇನೆ, ಅದಕ್ಕೆ ಮೊದಲು ಮನುಷ್ಯರೇ ಆಗಬೇಕು. ಬಾಟಲಿ ಹಾಲು ಕೊಡಬೇಕು, ಮೈಗೆ ಅಂಟಿಸಿಕೊಂಡು ಬೆಚ್ಚಗಿಡಬೇಕು. ದಕ್ಷಿಣ ಆಫ್ರಿಕಾದ ವರ್ವೆಟ್ ಮಂಕಿ ಫೌಂಡೇಶನ್ ಹೀಗೆ ಬಂದ ಮರಿಗಳನ್ನು ಆಮೇಲೆ ಸಾಕುತಾಯಿ ಕೋತಿಗಳ ಮಡಿಲಿಗೆ ಸೇರಿಸುತ್ತದೆ. ಆ ದಿನದಿಂದ ಹಾಲು ಕೊಟ್ಟ ಮನುಷ್ಯರು ದೂರ ಸರಿಯಬೇಕು. ಈ ಕೆಲಸ ವಾರದ ಮಟ್ಟಿಗೆ ಬಂದ ಅತಿಥಿಗೆ ಸಿಗುವುದಿಲ್ಲ. ಸಿಕ್ಕರೆ ಅನುಮಾನ ಪಡಿ. ಯಾರು ಹೋದರೂ ಎತ್ತಿಕೊಳ್ಳಲು ಮರಿ ಕೊಡುವ ಜಾಗ ಕಂಡರೆ ಒಂದೇ ಪ್ರಶ್ನೆ ಕೇಳಿ: ಪ್ರತಿ ವರ್ಷ ಇಷ್ಟೊಂದು ಹೊಸ ಮರಿಗಳು ಎಲ್ಲಿಂದ ಬರುತ್ತವೆ? ನಿಜವಾದ ಸ್ಯಾಂಕ್ಚುರಿಯಲ್ಲಿ ಬೇಕೆಂದೇ ಮರಿ ಮಾಡಿಸುವುದಿಲ್ಲ.

ನಾನೇನು ಹುಟ್ಟುತ್ತಲೇ ಇದನ್ನೆಲ್ಲ ಕಲಿತು ಬಂದವಳಲ್ಲ. ಮೊದಲ ಸಲ ಹೋದಾಗ, ಒಬ್ಬರ ಮನೆಯಲ್ಲಿ ಬೆಳೆದು ಬಂದಿದ್ದ ಗಂಡು ಮಕಾಕ್ (ರೀಸಸ್ ಕೋತಿಯ ಕುಲದ್ದು) ಜಾಲರಿಗೆ ಬೆನ್ನು ತಾಗಿಸಿ ಕೂರುತ್ತಿತ್ತು. ಬೆನ್ನಿನ ಕೂದಲು ಹೆಕ್ಕಿ ಕೊಡಿ ಅಂತ ಕೇಳುವ ರೀತಿ ಅದು. ಮುಟ್ಟುವಂತಿಲ್ಲ ಅಂದಿದ್ದರು, ಮುಟ್ಟಲಿಲ್ಲ. ಆದರೆ ದಿನಾ ಹೋಗಿ ಪಕ್ಕದಲ್ಲಿ ಕೂತೆ. ನನ್ನನ್ನೇ ಆರಿಸಿಕೊಂಡಿದೆ ಅಂತ ಒಳಗೊಳಗೇ ಹೆಮ್ಮೆ. ಹಿರಿಯ ಕೀಪರ್ ಒಂದು ದಿನ ಹೇಳಿದರು, "ನೀನು ಈ ಕಡೆ ಕೂತಿರೋವರೆಗೂ ಅವನು ಆ ಕಡೆ ತಿರುಗಲ್ಲಮ್ಮ." ಆ ಕಡೆಯ ಜಾಲರಿಯ ಆಚೆ ಒಂದು ಮುದಿ ಹೆಣ್ಣುಕೋತಿ ಇತ್ತು. ಇವನ ಜೊತೆ ಮಾಡಲೆಂದೇ ತಂದಿಟ್ಟಿದ್ದರು. ನಾನು ಎದ್ದು ಅಡುಗೆಕೋಣೆಗೆ ಹೋದೆ. ಅವಮಾನ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ಮಗುವಿನ ಹಾಗೆ ಸಾಕಿದವರಿಗೆ ಪ್ರೀತಿ ಕಡಿಮೆ ಇರುತ್ತದೆ ಅಂತ ನಾನು ಹೇಳುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಟೊರಾಂಟೊದ ಐಕಿಯಾ ಅಂಗಡಿಯ ಹೊರಗೆ ಕೋಟು ಹಾಕಿಕೊಂಡು ಓಡಾಡಿದ ಕೋತಿಮರಿಯ ಫೋಟೊ ಎಲ್ಲರೂ ನೋಡಿದ್ದೀರಿ. ಡಾರ್ವಿನ್ ಅಂತ ಹೆಸರು, ಜಪಾನಿ ಮಕಾಕ್. ಅವನನ್ನು ಸ್ಯಾಂಕ್ಚುರಿಗೆ ಸೇರಿಸಿದಾಗ, ವಾಪಸ್ ಕೊಡಿ ಅಂತ ಸಾಕಿದವರು ಕೋರ್ಟಿಗೆ ಹೋದರು. 2013ರಲ್ಲಿ ಕೋರ್ಟು ಇದು ಕಾಡುಪ್ರಾಣಿ ಎಂದು ಹೇಳಿತು. ಡಾರ್ವಿನ್ ಸ್ಯಾಂಕ್ಚುರಿಯಲ್ಲೇ ಉಳಿದ. ಆಗ ಎಷ್ಟೋ ಜನ ಕಣ್ಣೀರು ಹಾಕಿದರು. ಆದರೆ ಮಕಾಕ್ ಮರಿ ಮರಿಯಾಗಿಯೇ ಇರುವುದಿಲ್ಲ. ನಾಲ್ಕೈದು ವರ್ಷಕ್ಕೆ ಕೋರೆಹಲ್ಲು ಬಂದು, ಮನೆಯಲ್ಲಿ ಯಾರು ಮೇಲು ಯಾರು ಕೆಳಗೆ ಎಂದು ಪರೀಕ್ಷೆ ಮಾಡಲು ಶುರುಮಾಡುತ್ತದೆ. ಕಚ್ಚುತ್ತದೆ. ಆಮೇಲೆ ಹಲ್ಲು ಕೀಳಿಸುತ್ತಾರೆ, ಆಮೇಲೆ ಚಿಕ್ಕ ಪಂಜರ, ಆಮೇಲೆ ಸ್ಯಾಂಕ್ಚುರಿಗೆ ಫೋನು. ಹಲ್ಲಿಲ್ಲದೆ ಬಂದ ಕೋತಿಗೆ ಗೆಣಸು ಬೇಯಿಸಿ ಮೆತ್ತಗೆ ಮಾಡುವುದು ಮತ್ತೆ ವಾಲಂಟಿಯರ್ ಕೆಲಸ. ಕಪುಚಿನ್ ಆದರೆ ನಲವತ್ತು ವರ್ಷ ದಾಟಿಯೂ ಬದುಕಬಹುದು.

"ಆದರೂ ಅದು ಖುಷಿಯಾಗಿತ್ತು, ನಗ್ತಿತ್ತು." ಅಯ್ಯೋ ರಾಮಾ. ರೀಸಸ್ ಕೋತಿ ಸದ್ದಿಲ್ಲದೆ ಹಲ್ಲು ಕಿರಿದರೆ ಅದು ನಗುವಲ್ಲ, "ಹೊಡೀಬೇಡ, ನೀನೇ ದೊಡ್ಡವನು" ಅನ್ನುವ ಹೆದರಿಕೆಯ ಗುರುತು. ನೀವು ಅದರ ಕಣ್ಣಲ್ಲಿ ಕಣ್ಣಿಟ್ಟು ಹಲ್ಲು ಬಿಟ್ಟರೆ ಅದಕ್ಕೆ ಏನು ಅರ್ಥವಾಗುತ್ತದೋ ಯೋಚಿಸಿ. ಕಾಡುಪಾಪದ ಹತ್ತಿರದ ನೆಂಟ ಸ್ಲೋ ಲೋರಿಸ್‌ಗೆ ಕಚಗುಳಿ ಇಟ್ಟಾಗ ಅದು ಎರಡೂ ಕೈ ಮೇಲೆತ್ತುವ ವಿಡಿಯೊ ಕೋಟಿಗಟ್ಟಲೆ ಜನ ನೋಡಿ ಮುದ್ದು ಅಂದರು. ಅದರ ತೋಳಿನಲ್ಲಿ ಒಂದು ಗ್ರಂಥಿ ಇದೆ. ಅದರ ರಸ ಎಂಜಲಿನ ಜೊತೆ ಸೇರಿದರೆ ವಿಷ. ಕೈ ಎತ್ತುವುದು ಆ ವಿಷವನ್ನು ಬಾಯಿಗೆ ತಂದುಕೊಳ್ಳಲು.

ರೋಗದ ವಿಷಯ ಹೇಳಿದರೆ ಜನ ಬೇಗ ಒಪ್ಪುತ್ತಾರೆ. ಮಕಾಕ್‌ಗಳಲ್ಲಿ ಬಿ ವೈರಸ್ ಅನ್ನುವುದು ಇರುತ್ತದೆ. ಅವುಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಮನುಷ್ಯರಿಗೆ ತಗಲುವುದು ಬಹಳ ಅಪರೂಪ. ಆದರೆ ತಗಲಿ, ಚಿಕಿತ್ಸೆ ಸಿಗದಿದ್ದರೆ ನೂರರಲ್ಲಿ ಎಪ್ಪತ್ತು ಜನ ಉಳಿಯುವುದಿಲ್ಲ. 1932ರಲ್ಲಿ ಕೋತಿ ಕಚ್ಚಿ ಸತ್ತ ಒಬ್ಬ ವೈದ್ಯರಿಂದ ಇದು ಮೊದಲು ಗೊತ್ತಾಯಿತು. 1997ರಲ್ಲಿ ಅಮೆರಿಕದಲ್ಲಿ ಸತ್ತ ಯುವತಿಗೆ ಕೋತಿ ಕಚ್ಚಿರಲಿಲ್ಲ, ಪರಚಿರಲಿಲ್ಲ. ಕಣ್ಣಿಗೆ ಏನೋ ಸಿಡಿದಿತ್ತು, ಅಷ್ಟೇ. ಇದರ ಉಲ್ಟಾ ಲೆಕ್ಕವೂ ಇದೆ. ನಮ್ಮ ತುಟಿಯ ಮೇಲೆ ಏಳುವ ಸಣ್ಣ ಜ್ವರಗುಳ್ಳೆಯ ವೈರಸ್ ಪುಟಾಣಿ ಕೋತಿ ಮಾರ್ಮೊಸೆಟ್‌ಗೆ ತಗಲಿದರೆ ಅದನ್ನು ಕೊಂದೇಬಿಡುತ್ತದೆ. ಅದಕ್ಕೇ ಅರ್ಜಿಯಲ್ಲಿ ಟಿಬಿ ಪರೀಕ್ಷೆ, ದಡಾರ ಲಸಿಕೆ ಎಲ್ಲ ಕೇಳುವುದು. ನಿಮ್ಮಿಂದ ಅವುಗಳನ್ನು ಕಾಪಾಡಬೇಕಲ್ಲ.

ಒಂದೇ ಒಂದು ಫೋಟೊ? ಅದೂ ಇಲ್ಲ. 2011ರ ಒಂದು ಅಧ್ಯಯನದಲ್ಲಿ ಚಿಂಪಾಂಜಿಯ ಒಂದೇ ಚಿತ್ರವನ್ನು ಪಕ್ಕದಲ್ಲಿ ಮನುಷ್ಯ ಇರುವಂತೆಯೂ ಇಲ್ಲದಂತೆಯೂ ತೋರಿಸಿದರು. ಮನುಷ್ಯ ಇದ್ದ ಚಿತ್ರ ನೋಡಿದವರು ಕಾಡಿನಲ್ಲಿ ಚಿಂಪಾಂಜಿಗಳು ಚೆನ್ನಾಗಿಯೇ ಇವೆ ಅಂದುಕೊಳ್ಳುವುದು ಶೇ 35ರಷ್ಟು ಜಾಸ್ತಿ. ಸಾಕಲೂಬಹುದು ಅನ್ನಿಸುವುದೂ ಜಾಸ್ತಿ. ನಿಮ್ಮ ಸೆಲ್ಫಿ ನೋಡಿ ಇನ್ನೊಬ್ಬರಿಗೆ ಒಂದು ಮರಿ ಬೇಕೆನಿಸಿದರೆ, ಆ ಮರಿಯೂ ಕೊನೆಗೆ ಬರುವುದು ನೀವು ನೆಲ ಉಜ್ಜುತ್ತಿರುವ ಜಾಗಕ್ಕೇ.

ಬಾಳೆಹಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಹೊಸಬರೆಲ್ಲ ಮೊದಲ ದಿನ ಅಡುಗೆಕೋಣೆಯಲ್ಲಿ ಹುಡುಕುವುದು ಅದನ್ನೇ. ಇರುವುದಿಲ್ಲ. ಇದ್ದರೂ ಮಾತ್ರೆ ಬಚ್ಚಿಡಲು ಒಂದೆರಡು ಚೂರು. ನಾವು ಬೆಳೆಯುವ ಹಣ್ಣು ನಮ್ಮ ನಾಲಿಗೆಗೆ ತಕ್ಕಂತೆ ಸಿಹಿ ಮಾಡಿಕೊಂಡದ್ದು. ಕಾಡಿನ ಹಣ್ಣಿನಲ್ಲಿ ನಾರು ಜಾಸ್ತಿ, ಸಕ್ಕರೆ ಕಡಿಮೆ. ಇಂಗ್ಲೆಂಡಿನ ಪೇಂಟನ್ ಮೃಗಾಲಯ 2014ರಲ್ಲಿ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಹಲ್ಲು ಹುಳುಕಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಇಷ್ಟೇ ಕಾರಣ. ಅದರ ಬದಲು ಸೊಪ್ಪು, ತರಕಾರಿ, ಕೋತಿಗಳಿಗೆಂದೇ ಮಾಡಿದ ಒಣ ಉಂಡೆ. ಆ ಉಂಡೆಯ ಚೀಲದ ಮೇಲಿನ ತಾರೀಕು ನೋಡುವುದೂ ವಾಲಂಟಿಯರ್ ಕೆಲಸ. ನಮ್ಮ ಹಾಗೆ ಕೋತಿಯ ಮೈಯೂ ವಿಟಮಿನ್ ಸಿ ಮಾಡಿಕೊಳ್ಳುವುದಿಲ್ಲ, ಹಳೆಯ ಚೀಲದಲ್ಲಿ ಅದು ಕರಗಿಹೋಗಿರುತ್ತದೆ.

ಅಡುಗೆಕೋಣೆಯಲ್ಲಿ ಈರುಳ್ಳಿ ಕಂಡರೆ ಮಾತ್ರ ಎಸೆಯಬೇಡಿ. ಕಪುಚಿನ್‌ಗಳಿಗೆ ಅದು ಊಟವಲ್ಲ, ಎಣ್ಣೆಸ್ನಾನ. ಕಾಡಿನಲ್ಲಿ ನಿಂಬೆಜಾತಿಯ ಹಣ್ಣು, ಘಾಟು ಎಲೆ ಸಿಕ್ಕರೂ ಹೀಗೇ ಮೈಗೆ ತಿಕ್ಕಿಕೊಳ್ಳುತ್ತವೆ. ಹೋಳು ಹಾಕಿದ್ದೇ ತಡ, ಎಲ್ಲವೂ ಒಟ್ಟಿಗೆ ಬಂದು ಒಂದರ ಮೈಗೆ ಒಂದು ಒತ್ತಿಕೊಂಡು ಬೆನ್ನು, ಬಾಲ, ಹೊಟ್ಟೆ ಅನ್ನದೆ ಉಜ್ಜುತ್ತವೆ. ಯಾವ ಕೈ ಯಾರದು ಅಂತ ಗೊತ್ತಾಗುವುದಿಲ್ಲ. ನೀವು ಜಾಲರಿಯ ಈಚೆ ನಿಂತು, ಹೆಚ್ಚಿದ ಈರುಳ್ಳಿಯ ಘಾಟಿಗೆ ಕಣ್ಣು ಒರೆಸಿಕೊಳ್ಳುತ್ತಾ ನೋಡಬಹುದು.