ಬಾಗಿಲು ಎಷ್ಟು ತೆರೆದಿತ್ತು? ಬೆಂಕಿಯ ಲೆಕ್ಕ ಮತ್ತು ನ್ಯಾಯಾಲಯ

ಬೆಂಕಿ ಅವಘಡದ ತನಿಖಾ ವರದಿ ಕೈಗೆ ಬಂದಾಗ ನಾನು ಅದರ ಕಂಪ್ಯೂಟರ್ ಚಿತ್ರಗಳನ್ನು ಆಮೇಲೆ ನೋಡುತ್ತೇನೆ. ಬೆಂಕಿ ಹೇಗೆ ಬೆಳೆಯಿತೆಂದು ಲೆಕ್ಕ ಹಾಕುವ ತಂತ್ರಾಂಶಕ್ಕೆ ಯಾವ ಅಂಕಿಗಳನ್ನು ಕೊಟ್ಟಿದ್ದರು ಎಂಬ ಪಟ್ಟಿಯನ್ನು ಮೊದಲು ಹುಡುಕುತ್ತೇನೆ. ಎಷ್ಟೋ ಸಲ ಆ ಪಟ್ಟಿಯೇ ಇರುವುದಿಲ್ಲ.

ಬೆಂಕಿಯ ಬೆಳವಣಿಗೆಯನ್ನು ಅಂದಾಜಿಸುವ ಒಂದು ಸರಳ ಸೂತ್ರದಲ್ಲಿ, ಹೊಮ್ಮುವ ಶಾಖವು ಕಾಲದ ವರ್ಗಕ್ಕೆ (ಕಾಲ × ಕಾಲ) ಅನುಗುಣವಾಗಿ ಏರುತ್ತದೆ. ಬೆಂಕಿಯನ್ನು ‘ಮಧ್ಯಮ ವೇಗದ್ದು’ ಎಂದು ಪರಿಗಣಿಸಿ, ಏರಿಕೆಯ ವೇಗವನ್ನು ಸೂಚಿಸುವ ಗುಣಾಂಕವಾಗಿ 0.0117 ಕೊಟ್ಟರೆ ಅದು 1,000 ಕಿಲೋವ್ಯಾಟ್ ಮುಟ್ಟಲು ಸುಮಾರು 292 ಸೆಕೆಂಡು ಬೇಕು; ‘ತೀವ್ರ ವೇಗದ್ದು’ ಎಂದು 0.0469 ಕೊಟ್ಟರೆ 146 ಸೆಕೆಂಡು ಸಾಕು. ಎರಡರಲ್ಲೂ ಗಣಿತ ಸರಿಯೇ. ಆದರೆ ಇಷ್ಟು ಬೇಗ ಹೊತ್ತಬೇಕಾದರೆ ಸೀಮೆಎಣ್ಣೆ ಸುರಿದಿರಲೇಬೇಕು ಎಂಬ ವಾದವಿರುವ ಮೊಕದ್ದಮೆಯಲ್ಲಿ ಈ ಸುಮಾರು ಎರಡೂವರೆ ನಿಮಿಷದ ಅಂತರವೇ ಆರೋಪಿಯ ಹಣೆಬರಹವನ್ನು ಬರೆದುಬಿಡಬಹುದು.

ಬಾಗಿಲಿನ ಲೆಕ್ಕವೂ ಹಾಗೆಯೇ. ಎರಡು ಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲದ ಒಂದೇ ಬಾಗಿಲು ಪೂರ್ತಿ ತೆರೆದಿದ್ದರೆ ಅದರಿಂದ ಬರುವ ಗಾಳಿ ಕೋಣೆಯೊಳಗೆ ಸುಮಾರು 3,400 ಕಿಲೋವ್ಯಾಟ್ ಬೆಂಕಿಯನ್ನು ಪೋಷಿಸಬಲ್ಲದು; 20 ಸೆಂಟಿಮೀಟರ್ ಮಾತ್ರ ತೆರೆದಿದ್ದರೆ ಸುಮಾರು 850. ಆದ್ದರಿಂದ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಸುಟ್ಟ ಬಾಗಿಲಿನ ಬಳಿ ಮಂಡಿಯೂರಿ, ತಿರುಗಣಿಯ ಪಟ್ಟಿಗಳ ನಡುವೆ ಮಸಿ ಹೊಕ್ಕಿದೆಯೇ, ಚೌಕಟ್ಟಿಗೆ ತಾಗುವ ಅಂಚು ಸುಡದೆ ಉಳಿದಿದೆಯೇ ಎಂದು ನೋಡಲೇಬೇಕು. ಈ ಕೆಲಸವನ್ನು ಯಾವ ತಂತ್ರಾಂಶವೂ ನಮ್ಮ ಪರವಾಗಿ ಮಾಡುವುದಿಲ್ಲ.

ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ 2003ರಲ್ಲಿ 100 ಜನರನ್ನು ಬಲಿ ಪಡೆದ ಬೆಂಕಿಯನ್ನು ಅಲ್ಲಿನ ಸರ್ಕಾರದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಎಸ್‌ಟಿ, ಬೆಂಕಿ ಮತ್ತು ಹೊಗೆಯ ಹರಿವನ್ನು ಲೆಕ್ಕ ಹಾಕುವ ತನ್ನ ಎಫ್‌ಡಿಎಸ್ ತಂತ್ರಾಂಶದಲ್ಲಿ ಲೆಕ್ಕ ಹಾಕಿತು; ಅದರ ಜೊತೆಗೆ ವೇದಿಕೆಯ ಭಾಗದ ನಿಜಗಾತ್ರದ ಮಾದರಿಯನ್ನು ಕಟ್ಟಿ ಸುಟ್ಟು ನೋಡಿತು, ಒಳಗೆ ಚಿತ್ರೀಕರಣವಾಗಿದ್ದ ವಿಡಿಯೊ ಕೂಡ ಅದಕ್ಕೆ ಲಭ್ಯವಿತ್ತು. ನಮ್ಮ ಬಹುತೇಕ ಪ್ರಕರಣಗಳಲ್ಲಿ ಈ ಎರಡೂ ಇರುವುದಿಲ್ಲ. ಅರ್ಹ ಬಳಕೆದಾರರ ವಿವೇಚನೆಗೆ ಪೂರಕವಾಗಿ ಮಾತ್ರ ಇದನ್ನು ಬಳಸಬೇಕೆಂದು ಆ ತಂತ್ರಾಂಶದ ಕೈಪಿಡಿಯೇ ಹೇಳುತ್ತದೆ.

ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಡಿ ಪ್ರಮಾಣಪತ್ರ ಲಗತ್ತಿಸಿದೊಡನೆ ಲೆಕ್ಕಾಚಾರವೇ ಸಾಬೀತಾಯಿತೆಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು. ಆ ಪ್ರಮಾಣಪತ್ರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವುದಕ್ಕೆ ಸಂಬಂಧಿಸಿದ್ದು. ಕೊಟ್ಟ ಗುಣಾಂಕ ಸರಿಯೇ ಎಂಬುದನ್ನು ಅದು ಹೇಳುವುದಿಲ್ಲ. ಆ ಗುಣಾಂಕವನ್ನು ಅದೇ ಅಧಿನಿಯಮದ 39ನೇ ಕಲಮಿನಡಿ ಅಭಿಪ್ರಾಯ ನೀಡುವ ತಜ್ಞರೇ ಪಾಟೀಸವಾಲಿನಲ್ಲಿ ಸಮರ್ಥಿಸಿಕೊಳ್ಳಬೇಕು. ಹಾಗಾಗಿ ನನ್ನ ವರದಿಯ ಜೊತೆ ತಂತ್ರಾಂಶದ ಆವೃತ್ತಿಯನ್ನೂ ಇನ್‌ಪುಟ್ ಫೈಲನ್ನೂ ಕೊಡುತ್ತೇನೆ. ಎದುರು ಪಕ್ಷದ ತಜ್ಞರು ಬಾಗಿಲನ್ನು ಮುಚ್ಚಿ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲಿ.