ವಸಡಿಗೆ ಲೇಸರ್: ಚಾಕು ತಪ್ಪಿತು, ಬೇರು ಕೆರೆಯುವುದು ತಪ್ಪಲಿಲ್ಲ

ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ನೋವಿಲ್ಲ. ವಸಡಿನ ರೋಗಕ್ಕೆ ಲೇಸರ್ ಚಿಕಿತ್ಸೆಯ ಮಾತು ಬಂದಾಗ ಮೊದಲು ಕಿವಿಗೆ ಬೀಳುವುದು ಈ ಮೂರು ಭರವಸೆಗಳು. ಮೊದಲೆರಡು ಬಹುಮಟ್ಟಿಗೆ ನಿಜ. ಮೂರನೆಯದರ ಹೆಚ್ಚಿನ ಪಾಲು ಮರಗಟ್ಟಿಸುವ ಇಂಜೆಕ್ಷನ್ನಿಗೆ ಸೇರಬೇಕು. ಆದರೆ ಸಡಿಲವಾಗುತ್ತಿರುವ ಹಲ್ಲು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಈ ಮೂರರಲ್ಲಿ ಒಂದೂ ಉತ್ತರವಲ್ಲ. ಅದನ್ನು ತಿಳಿಯಲು ಚಾಕು ಏಕೆ ಬೇಕಾಯಿತು ಎಂಬಲ್ಲಿಂದಲೇ ಶುರು ಮಾಡಬೇಕು.

ಆರೋಗ್ಯವಾಗಿರುವ ವಸಡಿಗೂ ಹಲ್ಲಿಗೂ ನಡುವೆ 1ರಿಂದ 3 ಮಿ.ಮೀ. ಆಳದ ಸಂದು ಇರುತ್ತದೆ. ಅಲ್ಲಿ ಪಾಚಿ ಕೂತು, ಗಟ್ಟಿಯಾಗಿ ಟಾರ್ಟರ್ ಆಗಿ, ಉರಿಯೂತ ತಿಂಗಳುಗಟ್ಟಲೆ ಮುಂದುವರಿದರೆ ಬೇರನ್ನು ಮೂಳೆಗೆ ಹಿಡಿದಿಟ್ಟ ನಾರುಗಳು ಕಳಚಿಕೊಳ್ಳುತ್ತವೆ, ಮೂಳೆ ಕರಗುತ್ತದೆ, ಸಂದು 5, 6, 8 ಮಿ.ಮೀ.ಗೆ ಇಳಿಯುತ್ತದೆ. ದಂತವೈದ್ಯರು ಇದನ್ನೇ ಪಾಕೆಟ್ ಎನ್ನುತ್ತಾರೆ. ಚಿಕಿತ್ಸೆಯ ತಿರುಳು ಒಂದೇ: ಪಾಕೆಟ್ಟಿನೊಳಗೆ ಬೇರಿಗೆ ಅಂಟಿದ ಟಾರ್ಟರನ್ನು ತೆಗೆಯುವುದು. ಕಷ್ಟವೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ, ಉಪಕರಣದ ತುದಿಗೆ ತಾಗುವ ಒರಟುತನದಿಂದಷ್ಟೇ ಊಹಿಸಬೇಕು. ಈ ಕುರುಡು ಕೆಲಸ ಎಷ್ಟರ ಮಟ್ಟಿಗೆ ಫಲ ಕೊಡುತ್ತದೆ ಎಂಬುದನ್ನು 1986ರಲ್ಲಿ ಕ್ಯಾಫೆಸ್ಸೆ ಮತ್ತು ಸಂಗಡಿಗರು ಅಳೆದರು. 3 ಮಿ.ಮೀ. ಒಳಗಿನ ಸಂದುಗಳಲ್ಲಿ ಶೇ 86ರಷ್ಟು ಬೇರಿನ ಮೇಲ್ಮೈಗಳು ಪೂರ್ತಿ ಸ್ವಚ್ಛವಾಗಿದ್ದವು. 4ರಿಂದ 6 ಮಿ.ಮೀ. ಪಾಕೆಟ್‌ಗಳಲ್ಲಿ ಅದು ಶೇ 43ಕ್ಕೆ ಇಳಿಯಿತು, 6 ಮಿ.ಮೀ. ದಾಟಿದಲ್ಲಿ ಶೇ 32ಕ್ಕೆ. ವಸಡನ್ನು ಬಿಡಿಸಿ, ಬೇರನ್ನು ನೋಡುತ್ತಾ ಕೆರೆದಾಗ ಈ ಎರಡು ಅಂಕಿಗಳು ಶೇ 76 ಮತ್ತು ಶೇ 50ಕ್ಕೆ ಏರಿದವು. ಆಳದ ಪಾಕೆಟ್‌ಗಳಲ್ಲಿ ತೆರೆದು ಕೆರೆದರೂ ಅರ್ಧದಷ್ಟು ಕಡೆ ಏನಾದರೂ ಉಳಿದೇ ಇತ್ತು ಎಂಬುದನ್ನೂ ಇಲ್ಲೇ ಗಮನಿಸಿ.

ಫ್ಲ್ಯಾಪ್ ಸರ್ಜರಿ ಬೇಕಾದದ್ದು ಹೀಗೆ. ವಸಡನ್ನು ಬಿಡಿಸಿ ತೆರೆಯುವ ವಿಧಾನವನ್ನು ಸ್ವೀಡನ್ನಿನ ಲೆನಾರ್ಡ್ ವಿಡ್ಮನ್ 1918ರಲ್ಲಿ ವಿವರವಾಗಿ ಬರೆದರು. 1974ರಲ್ಲಿ ರಾಮ್ಫ್ಯೋರ್ಡ್ ಮತ್ತು ನಿಸ್ಲೆ ಅದನ್ನು ಮೆದುಗೊಳಿಸಿದರು: ಅಂಗಾಂಶ ಕಡಿಮೆ ಕತ್ತರಿಸು, ಮೂಳೆಯನ್ನು ಆದಷ್ಟು ಮುಟ್ಟಬೇಡ, ವಸಡನ್ನು ಹಲ್ಲಿಗೆ ಬಿಗಿಯಾಗಿ ಕೂರಿಸಿ ಹೊಲಿ. ಆದರೆ ಸರ್ಜರಿಗೂ ಲೆಕ್ಕವಿದೆ. 1982ರಲ್ಲಿ ಲಿಂಡೆ ಮತ್ತು ಸಂಗಡಿಗರು ತೋರಿಸಿದಂತೆ ಸುಮಾರು 4.2 ಮಿ.ಮೀ.ಗಿಂತ ಕಡಿಮೆ ಆಳವಿರುವಲ್ಲಿ ಫ್ಲ್ಯಾಪ್ ಮಾಡಿದರೆ ಹಲ್ಲಿನ ಹಿಡಿತ ಹೆಚ್ಚುವ ಬದಲು ಕಳೆದುಹೋಗುತ್ತದೆ. ಕೆರೆಯುವಿಕೆಗೆ ಆ ಗಡಿ 2.9 ಮಿ.ಮೀ. ಜೊತೆಗೆ ಊತ, ವಸಡು ಕೆಳಗಿಳಿದು ಬೇರು ಕಾಣುವುದು, ತಣ್ಣನೆ ನೀರಿಗೆ ಜುಮ್ಮೆನ್ನುವುದು. ಜನ ಹಿಂಜರಿಯುವುದರಲ್ಲಿ ಅರ್ಥವಿಲ್ಲದಿಲ್ಲ.

ಸರ್ಜರಿಗೆ ಇನ್ನೊಂದು ಆಳವಾದ ತೊಡಕಿತ್ತು, ಲೇಸರಿನ ಕಥೆ ಅಲ್ಲಿಂದಲೇ ಕವಲೊಡೆಯುತ್ತದೆ. ಗಾಯ ಮಾಯುವಾಗ ವಸಡಿನ ಮೇಲ್ಪದರದ ಜೀವಕೋಶಗಳು ಎಲ್ಲರಿಗಿಂತ ಮೊದಲು ಓಡಿ ಬೇರಿನುದ್ದಕ್ಕೂ ಇಳಿದುಬಿಡುತ್ತವೆ. ಪಾಕೆಟ್ ಮುಚ್ಚಿಕೊಳ್ಳುತ್ತದೆ, ಆದರೆ ಅದು ಅಂಟಿಕೊಂಡ ಮುಚ್ಚಳ ಮಾತ್ರ. ಹೊಸ ನಾರು, ಬೇರನ್ನು ಹೊದೆಯುವ ಹೊಸ ಸಿಮೆಂಟಮ್ ಪದರ, ಹೊಸ ಮೂಳೆ ಹುಟ್ಟುವುದಿಲ್ಲ. ಬೇರಿನ ಮೇಲೆ ಯಾವ ಜೀವಕೋಶ ಮೊದಲು ನೆಲೆಯೂರುತ್ತದೋ ಗಾಯ ಅದರಂತೆ ಮಾಯುತ್ತದೆ ಎಂದು ಮೆಲ್ಚರ್ 1976ರಲ್ಲಿ ವಾದಿಸಿದರು. ಹಾಗಿದ್ದರೆ ಪಾಕೆಟ್ಟಿನ ಒಳಗೋಡೆಯ ಆ ಪದರವನ್ನೇ ಕತ್ತರಿಸಿ ತೆಗೆದರೆ? ಅದೇ ವರ್ಷ ರೇಮಂಡ್ ಯೂಕ್ನಾ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಯ ದಂತವೈದ್ಯರು ರೂಪಿಸಿದ್ದ ಇಂಥದೊಂದು ವಿಧಾನದ ಫಲಿತಾಂಶ ಪ್ರಕಟಿಸಿದರು. ಚಾಕುವಿನಿಂದ ಒಳಪದರ ಸವರಿ, ಬೇರು ಕೆರೆದು, ಹೊಲಿಯುವುದು. ಮುಂದೆ ಬಂದ ಲೇಸರ್ ವಿಧಾನ ಇದರದ್ದೇ ಮರುಹುಟ್ಟು.

ಲೇಸರ್ ಅಷ್ಟರಲ್ಲಿ ಬೇರೆ ದಾರಿಯಲ್ಲಿ ಬರುತ್ತಿತ್ತು. 1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ನಾಲ್ಕೇ ವರ್ಷಗಳಲ್ಲಿ ಅದನ್ನು ಹಲ್ಲಿನ ಮೇಲೆ ಪ್ರಯೋಗಿಸಿ ನೋಡಿದವರಿದ್ದರು. ಶಾಖಕ್ಕೆ ಹಲ್ಲಿನೊಳಗಿನ ಜೀವಂತ ತಿರುಳು ತಡೆಯುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. ತಿರುಳಿನ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್ ಏರಿದರೆ ಶೇ 15ರಷ್ಟು ಹಲ್ಲುಗಳ ತಿರುಳು ಸತ್ತುಹೋಗುತ್ತದೆ ಎಂದು ಕೋತಿಗಳ ಮೇಲಿನ ಪ್ರಯೋಗದಲ್ಲಿ ಝಾಕ್ ಮತ್ತು ಕೊಹೆನ್ 1965ರಲ್ಲಿ ಕಂಡರು. ಇಂದಿಗೂ ಆ ಅಂಕಿಯನ್ನೇ ಅಪಾಯದ ಗೆರೆಯಾಗಿ ಬಳಸುತ್ತಾರೆ. ವಸಡಿಗೆ ಉಪಯೋಗಕ್ಕೆ ಬಂದದ್ದು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಎರಡು ಲೇಸರ್‌ಗಳು: ಕುಮಾರ್ ಪಟೇಲರ ಕಾರ್ಬನ್ ಡೈಆಕ್ಸೈಡ್ ಲೇಸರ್ ಮತ್ತು ನಿಯೋಡಿಮಿಯಮ್ ಯಾಗ್ ಲೇಸರ್. ಎರಡನೆಯದರ ಬೆಳಕು ತೆಳು ಗಾಜಿನ ಫೈಬರಿನಲ್ಲಿ ಹರಿಯುವುದರಿಂದ ಪಾಕೆಟ್ಟಿನೊಳಗೆ ಇಳಿಸಬಹುದು. 1990ರಲ್ಲಿ ಬಾಯಿಯ ಮೆದು ಅಂಗಾಂಶಕ್ಕಾಗಿ ಅಂಥ ಯಂತ್ರಕ್ಕೆ ಅಮೆರಿಕದ ಔಷಧ ಮತ್ತು ವೈದ್ಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ದಂತವೈದ್ಯರಾದ ರಾಬರ್ಟ್ ಗ್ರೆಗ್ ಮತ್ತು ಡೆಲ್ವಿನ್ ಮೆಕಾರ್ಥಿ ಹಳೆಯ ಚಾಕು ವಿಧಾನದ ಜಾಗದಲ್ಲಿ ಈ ಫೈಬರನ್ನು ತಂದು ರೂಪಿಸಿದ್ದೇ ಲಾನ್ಯಾಪ್, ಅಂದರೆ ಲೇಸರ್ ನೆರವಿನ ಹೊಸ ಹಿಡಿತದ ವಿಧಾನ. ಅದಕ್ಕೆ 2004ರಲ್ಲಿ ಎಫ್‌ಡಿಎ ಒಪ್ಪಿಗೆ ದೊರೆಯಿತು.

ಇಂಥ ಯಂತ್ರಗಳಿಗೆ ಸಿಗುವ ಈ ಬಗೆಯ ಅನುಮತಿ ‘ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಸಾಧನಕ್ಕೆ ಸಮಾನ’ ಎನ್ನುತ್ತದೆಯೇ ಹೊರತು ಸರ್ಜರಿಗಿಂತ ಮೇಲು ಎನ್ನುವುದಿಲ್ಲ. ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಸುಲಭವಾಗಿ ಕರಗಿಹೋಗುತ್ತದೆ.

‘ಲೇಸರ್ ಮಾಡಿಸಿದೆ’ ಎಂದಷ್ಟೇ ಹೇಳಿದರೆ ಏನು ಮಾಡಿದರೆಂದು ತಿಳಿಯುವುದಿಲ್ಲ. ನಿಯೋಡಿಮಿಯಮ್ ಯಾಗ್‌ನ 1064 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಮತ್ತು ಗಾಢ ಬಣ್ಣದ ಕಣಗಳು ಹೀರುತ್ತವೆ, ನೀರು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಅದು ಅಂಗಾಂಶದೊಳಗೆ ಮಿಲಿಮೀಟರ್‌ಗಟ್ಟಲೆ ಇಳಿಯುತ್ತದೆ. 810ರಿಂದ 980 ನ್ಯಾನೋಮೀಟರಿನ ಡಯೋಡ್ ಲೇಸರ್ ಚಿಕ್ಕದು, ಅಗ್ಗದ್ದು, ಎಲ್ಲೆಡೆ ಕಾಣುವಂಥದ್ದು. ಅದು ಬಹುಪಾಲು ಕಾದ ತುದಿಯಿಂದ ಕೆಲಸ ಮಾಡುತ್ತದೆ. 2940 ನ್ಯಾನೋಮೀಟರಿನ ಎರ್ಬಿಯಮ್ ಯಾಗ್ ಬೆಳಕನ್ನು ನೀರು ಕೂಡಲೇ ಹೀರಿಬಿಡುವುದರಿಂದ ಆಳಕ್ಕೆ ಹೋಗುವುದಿಲ್ಲ. ನೀರು ಚಿಮುಕಿಸುತ್ತಾ ಬಳಸಿದರೆ ಟಾರ್ಟರನ್ನೂ ಕಿತ್ತು ತೆಗೆಯಬಲ್ಲದ್ದು ಇದೇ. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವುದು ಈ ಕ್ಷೇತ್ರದ ಹಳೆಯ ಚಾಳಿ.

ಲಾನ್ಯಾಪ್‌ನ ಕ್ರಮ ಹೀಗಿದೆ. ಮರಗಟ್ಟಿಸಿದ ಮೇಲೆ ಪ್ರತಿ ಹಲ್ಲಿನ ಸುತ್ತ ಮೂಳೆ ತಾಗುವವರೆಗೆ ಅಳತೆ ಕಡ್ಡಿ ಇಳಿಸಿ ಮೂಳೆಯ ಆಕಾರ ಗುರುತಿಸುತ್ತಾರೆ. ಸುಮಾರು 0.4 ಮಿ.ಮೀ. ದಪ್ಪದ ಫೈಬರನ್ನು ಪಾಕೆಟ್ಟಿನಲ್ಲಿಟ್ಟು, ಬೇರಿನ ಕಡೆಗಲ್ಲದೆ ವಸಡಿನ ಗೋಡೆಯ ಕಡೆಗೆ ಆಡಿಸುತ್ತಾ ಒಳಪದರ ಸವರುತ್ತಾರೆ. ಬೆಳಕಿನ ಒಂದೊಂದು ಮಿಡಿತವೂ ಚಿಕ್ಕದು, 100 ಮೈಕ್ರೊಸೆಕೆಂಡ್ ಆಸುಪಾಸು. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಶಾಖ ಆರಬೇಕು. ಬಳಿಕ ಅಲ್ಟ್ರಾಸೋನಿಕ್ ತುದಿ ಮತ್ತು ಕೈ ಉಪಕರಣಗಳಿಂದ ಬೇರನ್ನು ಕೆರೆಯುತ್ತಾರೆ. ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಸಮಯ ತೆಗೆದುಕೊಳ್ಳುವುದು, ಎಲ್ಲಕ್ಕಿಂತ ಮುಖ್ಯವಾದದ್ದು ಈ ಹಂತವೇ, ಅದರಲ್ಲಿ ಲೇಸರಿನ ಪಾತ್ರವಿಲ್ಲ. ನಂತರ 650 ಮೈಕ್ರೊಸೆಕೆಂಡಿನ ಉದ್ದ ಮಿಡಿತದಲ್ಲಿ ಇನ್ನೊಂದು ಸುತ್ತು: ಒಸರಿದ ರಕ್ತ ಹೆಪ್ಪುಗಟ್ಟಿ ಪಾಕೆಟ್ಟಿನ ಬಾಯಿ ಮುಚ್ಚಲು. ವಸಡನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದು, ಕಚ್ಚುವಾಗ ಅತಿ ಭಾರ ಬೀಳುವ ಕಡೆ ಹಲ್ಲನ್ನು ಉಜ್ಜಿ ಸರಿಪಡಿಸಿ, ಅಲುಗಾಡುವ ಹಲ್ಲುಗಳನ್ನು ಪಕ್ಕದವುಗಳಿಗೆ ಕಟ್ಟುತ್ತಾರೆ.

ಆಮೇಲಿನ ದಿನಗಳಲ್ಲೇ ಎಡವುವವರು ಹೆಚ್ಚು. ಆ ಹೆಪ್ಪೇ ಇಲ್ಲಿ ಹೊಲಿಗೆ. ಹೊಲಿಗೆ ಕಾಣುವುದಿಲ್ಲವಾದ್ದರಿಂದ ಏನೂ ಆಗಿಲ್ಲವೆಂದು ಗಟ್ಟಿ ಪದಾರ್ಥ ಅಗಿದು, ಬ್ರಷ್ ಒತ್ತಿ ಉಜ್ಜಿ, ಹೆಪ್ಪನ್ನು ಕಿತ್ತುಕೊಳ್ಳುತ್ತಾರೆ. ಪಾಕೆಟ್ ಮತ್ತೆ ತೆರೆದುಕೊಂಡು ಒಳಗೆ ಪಾಚಿ ಸೇರುತ್ತದೆ. ಮೊದಲ ಕೆಲವು ದಿನ ದ್ರವಾಹಾರ, ಆಮೇಲೆ ಮೆದು ಆಹಾರ. ಚಿಕಿತ್ಸೆಯಾದ ಜಾಗಕ್ಕೆ ವೈದ್ಯರು ಹೇಳುವವರೆಗೆ ಬ್ರಷ್ ಬದಲು ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸುವುದು. ಧೂಮಪಾನ ಮುಂದುವರಿಸಿದವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಗಾಯ ಮಾಯುವುದು ನಿಧಾನ. ಅದು ಚಾಕುವಿಗೂ ಲೇಸರಿಗೂ ಒಂದೇ.

ಯಂತ್ರ ಹಿಡಿದವರ ತಪ್ಪುಗಳು ಬೇರೆ. ಫೈಬರ್ ಒಂದೇ ಕಡೆ ನಿಂತರೆ, ಬೇರಿನತ್ತ ತಿರುಗಿದರೆ, ಅದರ ಮೇಲ್ಮೈ ಸುಟ್ಟು ಕರಿ ಹಿಡಿಯುತ್ತದೆ. ಅಂಥ ಕಡೆ ಹೊಸ ನಾರು ಅಂಟುವುದಿಲ್ಲ. ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಹಾನಿಯಾಗುತ್ತದೆಂದು 1983ರಿಂದಲೇ ಗೊತ್ತು. ತುದಿಗೆ ಸುಟ್ಟ ಅಂಗಾಂಶ ಮೆತ್ತಿಕೊಂಡರೆ ಬೆಳಕು ಹೊರಬರದೆ ತುದಿಯೇ ಕೆಂಡವಾಗುತ್ತದೆ. ಆಗಾಗ ಒರೆಸಿ, ತುದಿ ಕತ್ತರಿಸಬೇಕು. ಟೈಟಾನಿಯಮ್ ಇಂಪ್ಲಾಂಟ್ ಪಕ್ಕದಲ್ಲಿ ನಿಯೋಡಿಮಿಯಮ್ ಯಾಗ್ ಬೆಳಕು ಮೇಲ್ಮೈಯನ್ನು ಕರಗಿಸಬಲ್ಲದು. ಕಣ್ಣು ಕಾಯುವ ಕನ್ನಡಕ ಆಯಾ ತರಂಗಾಂತರದ್ದೇ ಆಗಿರಬೇಕು, ರೋಗಿಗೂ ಸಹಾಯಕರಿಗೂ.

ಇನ್ನು ಪುರಾವೆ. 1976ರಲ್ಲಿ ಚಾಕು ವಿಧಾನದ ಫಲಿತಾಂಶ ಬರೆದ ಯೂಕ್ನಾ ಅವರೇ 2007ರಲ್ಲಿ ಲೇಸರಿನದ್ದನ್ನೂ ಬರೆದರು. ಆರು ರೋಗಿಗಳ ತಲಾ ಎರಡು ಹಲ್ಲು. ಒಂದಕ್ಕೆ ಲೇಸರ್ ಸಹಿತ, ಇನ್ನೊಂದಕ್ಕೆ ಲೇಸರ್ ಇಲ್ಲದ ಚಿಕಿತ್ಸೆ. ಬಳಿಕ ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಲೇಸರ್ ಕಂಡ ಆರರಲ್ಲೂ ಹೊಸ ಸಿಮೆಂಟಮ್, ಹೊಸ ನಾರು. ಉಳಿದ ಆರರಲ್ಲಿ ಐದರಲ್ಲಿ ಹಳೆಯ ಮುಚ್ಚಳವೇ. 2012ರಲ್ಲಿ ನೆವಿನ್ಸ್ ಮತ್ತು ಸಂಗಡಿಗರು ನೋಡಿದ ಹತ್ತು ಹಲ್ಲುಗಳಲ್ಲಿ ಐದರಲ್ಲಿ ಮೂಳೆ ಸಹಿತ ಮರುಬೆಳವಣಿಗೆ, ಒಂದರಲ್ಲಿ ಮೂಳೆಯಿಲ್ಲದೆ ನಾರಿನ ಹೊಸ ಹಿಡಿತ, ನಾಲ್ಕರಲ್ಲಿ ಬರೀ ಮುಚ್ಚಳ. ಮರುಬೆಳವಣಿಗೆ ಸಾಧ್ಯವೆಂದು ಇವು ತೋರಿಸುತ್ತವೆ. ಪ್ರತಿ ಹಲ್ಲಿನಲ್ಲೂ ಆಗುತ್ತದೆಂದು ತೋರಿಸುವುದಿಲ್ಲ, ಇಷ್ಟು ಸಣ್ಣ ಲೆಕ್ಕದಿಂದ ಅದು ಸಾಧ್ಯವೂ ಅಲ್ಲ.

ಬೇರು ಕೆರೆಯುವುದರ ಜೊತೆಗೆ ಸುಮ್ಮನೆ ಲೇಸರ್ ಸೇರಿಸುವುದರ ಬಗ್ಗೆ ಮಾರ್ಗಸೂಚಿಗಳು ಇನ್ನೂ ಬಿಗಿ. ಅಮೆರಿಕದ ದಂತವೈದ್ಯ ಸಂಘ 2015ರಲ್ಲಿ ಕೆರೆಯುವಿಕೆಯನ್ನೇ ಮೂಲ ಚಿಕಿತ್ಸೆಯೆಂದು ಹೇಳಿ, ಬಣ್ಣದ ದ್ರಾವಣದೊಂದಿಗೆ ಬಳಸುವ ಡಯೋಡ್ ವಿಧಾನವೊಂದನ್ನು ಬಿಟ್ಟು ಉಳಿದ ಲೇಸರ್‌ಗಳಿಗೆ ಒಲವು ತೋರಲಿಲ್ಲ. ಯುರೋಪಿನ ವಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿ ಅಂಥ ಬಳಕೆ ಬೇಡವೆಂದೇ ಸೂಚಿಸಿತು. ಅದೇ ಮಾರ್ಗಸೂಚಿಯ ಪ್ರಕಾರ ಮೊದಲ ಸುತ್ತಿನ ಕೆರೆಯುವಿಕೆಯ ನಂತರವೂ 4–5 ಮಿ.ಮೀ. ಉಳಿದರೆ ಮತ್ತೆ ಕೆರೆಯಬೇಕು, 6 ಮಿ.ಮೀ. ಅಥವಾ ಹೆಚ್ಚಿದ್ದರೆ ಫ್ಲ್ಯಾಪ್ ಯೋಚಿಸಬೇಕು. ಎಷ್ಟೋ ಜನರಿಗೆ ಸರ್ಜರಿಯೂ ಬೇಡ, ಲೇಸರೂ ಬೇಡ ಎಂಬುದು ಈ ಮರು ಅಳತೆಯಲ್ಲೇ ಗೊತ್ತಾಗುತ್ತದೆ. ಅಳತೆಗೂ ಮುನ್ನವೇ ಯಾರಾದರೂ ಲೇಸರ್ ನಿಗದಿ ಮಾಡಿದರೆ ಆರು ಬಿಂದುಗಳ ಚಾರ್ಟ್ ಕೇಳಿ ಪಡೆಯಿರಿ; ಯಾವ ಹಲ್ಲಿನ ಯಾವ ಬದಿಯಲ್ಲಿ ಎಷ್ಟು ಮಿ.ಮೀ. ಎಂಬುದು ಅದರಲ್ಲಿರುತ್ತದೆ. ಲಾನ್ಯಾಪ್ ಆದ ಮೇಲೆ ಪಾಕೆಟ್ಟಿನೊಳಗೆ ಕಡ್ಡಿ ಹಾಕಿ ಅಳೆಯುವುದನ್ನು ಆರು ತಿಂಗಳಾದರೂ ತಡೆಯುತ್ತಾರಾದ್ದರಿಂದ, ಮೊದಲಿನ ಚಾರ್ಟ್ ಕೈಯಲ್ಲಿಲ್ಲದಿದ್ದರೆ ಆಗ ಹೋಲಿಸಲು ಏನೂ ಇರುವುದಿಲ್ಲ.